ಬೀಜ ಇಲ್ಲದ ಹೂವು

"ಅಜ್ಜಾರ, ಈ ಸೀಮಿಯಾಗ ನನ್ನಂಗ ಹಾಡಾವ ಇನ್ನೊಬ್ಬ ಇಲ್ಲ. ಅಂದಮ್ಯಾಲ ನಾ ಹೆಮ್ಮೆ ಪಟ್ರ ತಪ್ಪೇನ್ರಿ?"

ಹಿಂಗಂತ ಮಠದ ಅಜ್ಜಾರನ್ನ ಕೇಳಿದಾವ ಶಿಷ್ಯ ಶಿವಪುತ್ರ. ಕೇಳೂವಾಗ ಎದಿ ಎಷ್ಟ ಉಬ್ಬಿತ್ತಂದ್ರ, ಅಂಗಿ ಗುಂಡಿ ಹರಿಯೂದೊಂದ ಬಾಕಿ! ಯಾಕ ಉಬ್ಬಬಾರದು? ಏಕತಾರಿ ಹಿಡಿದು, ತಾನ ಕಟ್ಟಿದ ಧಾಟಿಯೊಳಗ ಪದ ಎತ್ತಿದಾಂದ್ರ ಮುದುಕರು ಸುದ್ದಾ ಕೆಮ್ಮು ನುಂಗಿ ಕುಂದರತಿದ್ರು. ಆ ಧಾಟಿ ಅವನೊಬ್ಬಗ ಗೊತ್ತು. ಈಗಷ್ಟ ಹಳ್ಳದಾಚಿ ಊರಿಂದ ಒಬ್ಬ ಹೆಣ್ಮಗಳು, "ಅಣ್ಣಾ, ಒಂದ ಪದ ಹೇಳಿಕೊಡು" ಅಂತ ಬಂದಿದ್ಳು. "ಕೇಳಾಕ ಬಾರವ್ವಾ, ಕಲಿಯಾಕ ಬ್ಯಾಡ" ಅಂತ ಅಕಿನ್ನ ಹೊರಳಿಸಿ ಕಳಿಸಿದ್ದ. ಅಜ್ಜಾರು ಒಳಗ ಕುಂತು ಕೇಳಿಸಿಕೊಂಡಿದ್ರು.

"ಹೆಮ್ಮೆ ತಪ್ಪಲ್ಲಪ್ಪಾ. ಕುಂದ್ರ, ಒಬ್ಬ ರೈತನ ಮಾತ ಹೇಳ್ತೀನಿ" ಅಂದ್ರು.

ಹೊಗಳಿಕಿನ ಬರ್ತೈತಿ ಅಂತ ಶಿವಪುತ್ರ ಚಕ್ಕಳಮಕ್ಕಳ ಹಾಕಿ ಕುಂತಬಿಟ್ಟ.

ಗಾಂಜಾ ಬೆಳಿಯಾಕ ಯಾರ ಅಡ್ಡಿನೂ ಇಲ್ಲದ ಕಾಲ ಅದು. ಒಬ್ಬ ರೈತನ ಕಡೆ ಒಂದ ತಳಿ ಇತ್ತು. ಅಬ್ಬಬ್ಬಾ, ಎಂಥಾ ತಳಿ! ಗಿಡ ಸೊಂಟಕ್ಕಿಂತ ಮ್ಯಾಲೆ ಏರ್ತಿರಲಿಲ್ಲ. ದಂಟು ಬದನಿಕಾಯಿ ಬಣ್ಣ. ಚಳಿ ಬಿದ್ದಕೂಡ್ಲೆ ಹೂವಿನ ಗೊಂಚಲು ಜೇನ ಸವರಿದಂಗ ಅಂಟಂಟು. ಬದುವಿನ ಮ್ಯಾಲೆ ನಿಂತ್ರ ನಿಂಬಿ ಸಿಪ್ಪಿ ವಾಸನಿ. ನೋವಿನ ಔಷಧಕ್ಕಂತ ದೂರದೂರದ ವೈದ್ಯರು ಅವನ ಮನಿ ಹುಡಿಕ್ಕೊಂಡ ಬರ್ತಿದ್ರು. ಬ್ಯಾರೆ ಎಲ್ಲೂ ಆ ತಳಿ ಇರಲಿಲ್ಲ.

ಆ ಬೆಳಿಯಾಗ ಗಂಡು ಗಿಡ ಬ್ಯಾರೆ, ಹೆಣ್ಣು ಗಿಡ ಬ್ಯಾರೆ. ಗಂಡು ಹೂವಿನ ಧೂಳಿ ಸೋಕಿದ್ರ ಹೆಣ್ಣಿನ ಹೂವಿನ್ಯಾಗ ಬೀಜ ಕಟ್ತಾವ, ಬೀಜ ಕಟ್ಟಿದ ಹೂವಿನ ಕಸುವು ಇಳಿತೈತಿ. ರೈತನ ಅಪ್ಪ ಗಂಡು ಗಿಡ ಎಲ್ಲಾ ಕಿತ್ತು, ಬಾವಿ ಕಡೆ ಮೂಲ್ಯಾಗ ಒಂದನ್ನಷ್ಟ ಬೀಜಕ್ಕಂತ ಬಿಡ್ತಿದ್ದ. ಮಗ ಅದನ್ನೂ ಕಿತ್ತ!

ಹೆಂಡ್ತಿ ಕೇಳಿದ್ಳು: "ಮಾವಾರು ಬಿಡ್ತಿದ್ರಲ್ರೀ ಒಂದನ್ನ?"

"ಬಿಟ್ರ ಹೂವ ಒಯ್ದಾವ ಬೀಜಾನೂ ಒಯ್ತಾನ. ನನ್ನ ಗಿಡ ಮಂದಿ ಹೊಲದಾಗ ಏಳಬೇಕೇನು? ಅಪ್ಪ ಕೂಡಿಟ್ಟ ಬೀಜ ಗಡಿಗಿ ತುಂಬ ಐತಿ, ಸುಮ್ಮಿರು."

"ಗಡಿಗಿ ಏನ ಹಡಿತೈತೇನ್ರಿ?"

ಅವ ಮೀಸಿ ತಿರುವಿ ನಕ್ಕ. ಗಡಿಗಿ ಬಾಯಿಗೆ ಮೇಣ ಬಳಿದಿಟ್ಟ. ವರ್ಷಾ ಅದರಾಗಿಂದ ಬಿತ್ತಾವ, ವರ್ಷಾ ಗಂಡು ಗಿಡ ಒಂದೂ ಬಿಡದಂಗ ಕೀಳಾವ. "ನನ್ನ ಹೂವಿನ್ಯಾಗ ಬೀಜ ತೋರಿಸಿದ್ರ ಈ ಮೀಸಿ ಬೋಳಿಸ್ತೀನಿ!" ಅಂತ ಸಂತಿಯಾಗ ನಿಂತು ಹೇಳಾವ. ಹೂವಿನ ಹೆಸರೂ ಏರ್ತು, ಅವನ ಹೆಸರೂ ಏರ್ತು.

ಒಂದ ವರ್ಷ ಬಿತ್ತಿದಾ, ಅರ್ಧಕ್ಕರ್ಧ ಹುಟ್ಟಲಿಲ್ಲ. ಮರುವರ್ಷ ನಾಕ ಮೊಳಕಿ; ಅದರಾಗಿನ ಗಂಡನ್ನೂ ಹಟಕ್ಕ ಬಿದ್ದು ಕಿತ್ತ. ಅದರ ಮರುವರ್ಷ ಗಡಿಗಿ ಬಡಿದು ಬಡಿದು ಬಿತ್ತಿದ, ನೀರ ಹಾಕಿದ, ಕಾದ. ಮಣ್ಣ ಅಳ್ಳಾಡಲಿಲ್ಲ. ಬೀಜ ಗಡಿಗ್ಯಾಗನ ಮುದಿಯಾಗಿ ಸತ್ತಿದ್ವು.

ಓಡಿದ ನೋಡ್ರಿ! ತನ್ನ ಹೂವ ಒಯ್ದಿದ್ದ ಒಬ್ಬ ವೈದ್ಯರ ಮನಿಗೆ ಏದುಸಿರು ಬಿಡಕೋಂತ ಹೋಗಿ, "ಪಂಡಿತರ, ಹಳೇ ಹೂವ ಉಳಿದಾವೇನ್ರಿ? ಅಪ್ಪಿ ತಪ್ಪಿ ಒಂದ ಬೀಜ ಇದ್ರ ಕೊಡ್ರಿ" ಅಂದ.

ವೈದ್ಯರು ಡಬ್ಬಿ ತೆಗೆದು, ಹೂವ ಅಂಗೈಯಾಗ ತಿಕ್ಕಿ ತೋರಿಸಿ, ತಮ್ಮದ ಹೂವೇನೋ ಅನ್ನೂವಂಗ ಬೀಗಿ ಹೇಳಿದ್ರು: "ನಿಮ್ಮ ಹೂವಿನ್ಯಾಗ ಬೀಜಾನಾ? ಕಣ್ಣಾಗ ಎಣ್ಣಿ ಹಾಕ್ಕೊಂಡ ಹುಡುಕಿದ್ರೂ ಸಿಗೂದಿಲ್ಲ! ಅದಕ್ಕ ಅಲ್ಲೇನ್ರಿ ನಿಮಗ ಇಷ್ಟ ಹೆಸರು!"

ಅಷ್ಟ ದೊಡ್ಡ ಹೊಗಳಿಕಿ ರೈತ ಹುಟ್ಟಿದಾಗಿಂದ ಕೇಳಿರಲಿಲ್ಲ. ಕೇಳಿದಾವನ ಅಲ್ಲೇ ಕಟ್ಟಿ ಮ್ಯಾಲೆ ಕುಸದ ಕುಂತ.

ಇಷ್ಟಕ್ಕ ಅಜ್ಜಾರು ಕತಿ ನಿಲ್ಲಿಸಿದ್ರು. ಶಿವಪುತ್ರಗ ತಡಿಯಾಕ ಆಗಲಿಲ್ಲ. "ಆಮ್ಯಾಲ ಅಜ್ಜಾರ? ಆ ತಳಿ ಈಗ ಎಲ್ಲೆರ ಐತೇನ್ರಿ?"

ಅಜ್ಜಾರು ಬಾಗಿಲದ ಕಡೆ ನೋಡಿದ್ರು.

"ಆ ಹೆಣ್ಮಗಳು ಇನ್ನೂ ಹಳ್ಳ ದಾಟಿರಲಿಕ್ಕಿಲ್ಲ, ನೋಡು."