ಹನ್ನೆರಡನೆಯ ಪೆಟ್ಟು

ಮಕ್ಕಳೇ, ಒಂದು ಕಾಡಿನ ನಡುವೆ ಬೇಸಿಗೆಯಲ್ಲಿ ಅರ್ಧ ಬತ್ತಿಹೋಗುವ ಕೆರೆಯೊಂದಿತ್ತು. ಅದರ ದಂಡೆಯ ಅತ್ತಿಮರದಲ್ಲಿ ಎರಡು ಹಕ್ಕಿಗಳು ನೆರೆಹೊರೆಯಾಗಿ ವಾಸವಾಗಿದ್ದವು.

ಮೇಲಿನ ಕೊಂಬೆಯಲ್ಲಿ ಇಂಚರಯ್ಯ ಎಂಬ ಮಡಿವಾಳ ಹಕ್ಕಿ. ಅವನು ಹಾಡಿದರೆ ಜಿಂಕೆಗಳು ಮೇಯುವುದನ್ನು ಮರೆತು ನಿಂತುಬಿಡುತ್ತಿದ್ದವು. ಕೆಳಗಿನ ಪೊಟರೆಯಲ್ಲಿ ತಿಪ್ಪಕ್ಕ ಎಂಬ ಕಂಚುಗಾರ ಹಕ್ಕಿ. ಅವಳಿಗೆ ಬರುತ್ತಿದ್ದುದು ಒಂದೇ ಸ್ವರ. ಯಾರೋ ತಂಬಿಗೆ ಬಡಿಯುತ್ತಿರುವ ಹಾಗೆ ಟುಕ್, ಟುಕ್, ಟುಕ್. ಬಡಿಯುತ್ತಾ ಕಂಡದ್ದನ್ನೆಲ್ಲ ಎಣಿಸುವುದು ಅವಳ ಚಟ. ಕಪ್ಪೆ ಎಷ್ಟು ಟುಕ್ಕಿಗೊಮ್ಮೆ ವಟಗುಟ್ಟುತ್ತದೆ? ಮೀನು ಎಷ್ಟು ಟುಕ್ಕಿಗೊಮ್ಮೆ ಮೇಲೆ ಬರುತ್ತದೆ?

"ಎಣಿಸಿ ಎಣಿಸಿ ನಿನಗೇನು ಸಿಕ್ಕಿತು ತಿಪ್ಪಕ್ಕ?" ಎಂದು ಇಂಚರಯ್ಯ ಒಂದು ದಿನ ನಕ್ಕ.

"ನಿನ್ನ ಬೆಳಗಿನ ಹಾಡು ಇದೆಯಲ್ಲ, ಅದು ಎಂಟು ಟುಕ್ಕಿಗೆ ಸರಿಯಾಗಿ ಮೊದಲಿಗೆ ಮರಳುತ್ತದೆ. ಅದು ಗೊತ್ತಾಯಿತು."

"ನನ್ನ ಹಾಡಿನಲ್ಲಿ ಲೆಕ್ಕವೇ!" ಇಂಚರಯ್ಯನಿಗೆ ಸಿಟ್ಟು ಬಂತು. "ಹಾಡು ಬಾರದವರು ಎಣಿಸುತ್ತಾ ಕೂರುತ್ತಾರೆ. ಇನ್ನು ಮೇಲೆ ನನ್ನ ಹಾಡಿನ ಸುದ್ದಿಗೆ ಬರಬೇಡ."

ಆ ದಿನ ಮಧ್ಯಾಹ್ನವೇ ಕೆರೆಯ ಕಡೆಯಿಂದ ಚೀತ್ಕಾರ ಕೇಳಿಸಿತು. ಭೀಮವ್ವ ಎಂಬ ಹೆಣ್ಣಾನೆಯ ಮರಿ ನೀರು ಕುಡಿಯಲು ಹೋಗಿ ಕೆಸರಿನಲ್ಲಿ ಹೊಟ್ಟೆಯವರೆಗೆ ಹೂತುಹೋಗಿತ್ತು.

ಭೀಮವ್ವ ಸೊಂಡಿಲಿನಿಂದ ಎರಡು ದಪ್ಪ ಬಳ್ಳಿಗಳನ್ನು ಮರಿಯ ಹೊಟ್ಟೆಯಡಿ ತೂರಿಸಿದಳು. ಒಂದನ್ನು ಅವಳ ಹಿಂಡಿನ ಆನೆಗಳು ಹಿಡಿದವು. ಇನ್ನೊಂದನ್ನು ನೆರವಿಗೆ ಬಂದ ಕಾಡುಕೋಣಗಳು ಕೊಂಬಿಗೆ ಸುತ್ತಿಕೊಂಡವು.

"ಇಂಚರಯ್ಯ, ನಮಗೆ ಹುರುಪು ಬರುವ ಹಾಗೆ ಒಂದು ಹಾಡು ಹೇಳಪ್ಪ!" ಎಂದಳು ಭೀಮವ್ವ.

ಇಂಚರಯ್ಯ ಎದೆಯುಬ್ಬಿಸಿ ಹಾಡಿದ. ಎಲ್ಲರೂ ಎಳೆದರು. ಮರಿ ಒಂದಿಷ್ಟು ಮೇಲೆ ಬಂತು, ಮತ್ತೆ ಜಾರಿ ಒಳಗೆ ಹೋಯಿತು. ಹೀಗೇ ಆಗುತ್ತಿತ್ತು. ಕೆಸರು ಮರಿಯ ಭುಜ ಮುಟ್ಟಿತು.

ತಿಪ್ಪಕ್ಕ ಮಾತ್ರ ಬಡಿಯುತ್ತಾ ನೋಡುತ್ತಿದ್ದಳು. ಮರಿ ಮೇಲೇಳುವುದು ಯಾವಾಗ? ಎಣಿಸಿದಳು. ಹನ್ನೆರಡು ಟುಕ್ಕಿಗೊಮ್ಮೆ! ಯಾಕಿರಬಹುದು? ಆನೆಗಳನ್ನು ಎಣಿಸಿದಳು. ಅವುಗಳದು ನಿಧಾನದ ಉಸಿರು, ನಾಲ್ಕಕ್ಕೊಮ್ಮೆ ಎಳೆಯುತ್ತಿದ್ದವು. ಕೋಣಗಳನ್ನು ಎಣಿಸಿದಳು. ಅವು ಮೂರಕ್ಕೊಮ್ಮೆ.

"ಇಂಚರಯ್ಯ, ಇಲ್ಲಿ ಕೇಳು! ನಾಲ್ಕು, ಎಂಟು, ಹನ್ನೆರಡು ಅಂತ ಆನೆಗಳು ಎಳೆಯುತ್ತಿವೆ. ಮೂರು, ಆರು, ಒಂಬತ್ತು, ಹನ್ನೆರಡು ಅಂತ ಕೋಣಗಳು. ಇಬ್ಬರೂ ಸೇರುವುದು ಹನ್ನೆರಡನೆಯ ಪೆಟ್ಟಿಗೆ ಮಾತ್ರ. ನಡುವೆ ಒಬ್ಬರು ಎಳೆದಾಗ ಇನ್ನೊಬ್ಬರು ಸಡಿಲ ಬಿಡುತ್ತಾರೆ!"

"ಹಾಡಿನ ನಡುವೆ ಬಾಯಿ ಹಾಕಬೇಡ ಅಂದೆನಲ್ಲ!" ಎಂದು ರೇಗಿ, ಇಂಚರಯ್ಯ ಇನ್ನೂ ಜೋರಾಗಿ ಹಾಡಿದ. ಸ್ವರವನ್ನು ಎಳೆದ, ಬಳುಕಿಸಿದ, ಇದ್ದಕ್ಕಿದ್ದಂತೆ ವೇಗ ಹೆಚ್ಚಿಸಿದ. ಆನೆಗಳಿಗೂ ಕೋಣಗಳಿಗೂ ಎಲ್ಲಿ ಎಳೆಯಬೇಕೆಂದೇ ತಿಳಿಯಲಿಲ್ಲ. ಫಟ್ಟನೆ ಕೋಣಗಳ ಬಳ್ಳಿ ಕಳಚಿತು. ಮರಿ ಕಿವಿಯವರೆಗೆ ಮುಳುಗಿ, ಸೊಂಡಿಲನ್ನಷ್ಟೇ ಮೇಲೆತ್ತಿ ಗೋಳಿಟ್ಟಿತು.

ಇಂಚರಯ್ಯ ಹಾಡು ನಿಲ್ಲಿಸಿದ. ಹಾರಿಬಂದು ತಿಪ್ಪಕ್ಕನ ಪಕ್ಕ ಕೂತ. "ಅಕ್ಕ, ತಪ್ಪಾಯಿತು. ಏನು ಮಾಡಲಿ, ಬೇಗ ಹೇಳು."

"ಎಲ್ಲರೂ ನಾಲ್ಕಕ್ಕೇ ಎಳೆಯಬೇಕು. ಆದರೆ ನನ್ನ ಟುಕ್ ಟುಕ್ ಎಲ್ಲ ಒಂದೇ ಥರ. ನಾಲ್ಕನೆಯದು ಯಾವುದು ಅಂತ ಕೋಣಗಳಿಗೆ ಹೇಗೆ ತಿಳಿಯಬೇಕು?"

"ಅದನ್ನು ನಾನು ಹಾಡಿ ತಿಳಿಸುತ್ತೇನೆ!"

ಕೋಣಗಳು ಬಳ್ಳಿಯನ್ನು ಮತ್ತೆ ಬಿಗಿದುಕೊಂಡವು. ತಿಪ್ಪಕ್ಕ ಬಡಿದಳು. ಪ್ರತಿ ಪೆಟ್ಟಿಗೆ ಒಂದು ಮಾತು ಕೂರಿಸಿ ಇಂಚರಯ್ಯ ಹಾಡಿದ:

"ನಿಲ್ಲು, ಬಗ್ಗು, ಹಿಡಿ, ಎಳೆ!"

ಮೂರು ಮಾತು ಮೆಲ್ಲಗೆ, ನಾಲ್ಕನೆಯದು ಗಟ್ಟಿಯಾಗಿ. "ಎಳೆ!" ಎಂದಾಗ ಕಾಡೇ ಒಟ್ಟಿಗೆ ಎಳೆದಂತಾಯಿತು. ಕಿವಿ ಕಂಡಿತು. ಮತ್ತೊಮ್ಮೆ, ಭುಜ ಕಂಡಿತು. ಆರನೆಯ ಸಲಕ್ಕೆ ಮರಿ ಪಚಕ್ಕೆಂದು ಹೊರಗೆ ಬಂದು, ಅಮ್ಮನ ಕಾಲ ಮೇಲೇ ಬಿತ್ತು. ಭೀಮವ್ವ ಅದರ ಮೈಯೆಲ್ಲ ಸೊಂಡಿಲಿನಿಂದ ಸವರಿದಳು.

ಮಾರನೆಯ ಬೆಳಿಗ್ಗೆ ಇಂಚರಯ್ಯ ತಾನಾಗಿಯೇ ಪೊಟರೆಗೆ ಬಂದ.

"ಅಕ್ಕ, ರಾತ್ರಿಯೆಲ್ಲ ಒಂದೇ ಯೋಚನೆ. ನೀನು ಮೂರಕ್ಕೊಮ್ಮೆ ಜೋರಾಗಿ ಬಡಿದು, ನಾನು ಐದಕ್ಕೊಮ್ಮೆ ಜೋರಾಗಿ ಕೂಗಿದರೆ ಎಲ್ಲಿ ಸೇರುತ್ತೇವೆ?"

"ನಾನು ಹೇಳುವುದಿಲ್ಲಪ್ಪ. ಹಾಡಿಯೇ ನೋಡೋಣ ಬಾ," ಎಂದಳು ತಿಪ್ಪಕ್ಕ.

ಇಬ್ಬರೂ ಶುರು ಮಾಡಿದರು. ಲೆಕ್ಕ ತಪ್ಪಿತು, ನಕ್ಕರು, ಮತ್ತೆ ಮೊದಲಿಂದ ಹಿಡಿದರು. ಕೊನೆಗೆ ಇಬ್ಬರ ದನಿಯೂ ಒಂದೇ ಪೆಟ್ಟಿನ ಮೇಲೆ ಬಂದು ಕೂತಾಗ ಇಂಚರಯ್ಯ ಕೊಂಬೆಯ ಮೇಲೆ ಕುಣಿದುಬಿಟ್ಟ. ಅದು ಎಷ್ಟನೆಯ ಪೆಟ್ಟು ಅಂತೀರಾ? ಗೆಳೆಯರೊಬ್ಬರನ್ನು ಕೂರಿಸಿಕೊಂಡು ಚಪ್ಪಾಳೆ ತಟ್ಟಿ ನೀವೇ ಕಂಡುಹಿಡಿಯಿರಿ.

ನೀತಿ: ನಮಗೆ ಬಾರದ ವಿದ್ಯೆಯನ್ನು ಹೀಯಾಳಿಸಬಾರದು, ನಮ್ಮ ವಿದ್ಯೆಯೊಳಗೇ ಅದು ಅಡಗಿರಬಹುದು.