ಹನಿ ಬಿಡದ ಟ್ಯಾಂಕು

ಕೊಟ್ರಯ್ಯನ ಟ್ಯಾಕ್ಸಿಯ ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರ್ ಬಂದು ಕೂತ ದಿನದಿಂದ ಪೆಟ್ರೋಲ್ ಟ್ಯಾಂಕಿಗೆ ಎದೆ ಡವಡವ.

“ನೀನು ಅಗ್ಗ. ಇನ್ನು ನನ್ನನ್ನು ಯಾರು ಕೇಳುತ್ತಾರೆ?” ಎಂದಿತು ಟ್ಯಾಂಕು.

“ದಿನವಿಡೀ ಓಡಿಸುವುದು ನಾನಾದರೂ, ಬೆಳಗ್ಗೆ ತಣ್ಣಗಾದ ಎಂಜಿನ್ನನ್ನು ಎಬ್ಬಿಸುವುದು ನಿನ್ನ ಒಂದು ಗುಟುಕು ಪೆಟ್ರೋಲೇ ಅಣ್ಣಾ,” ಎಂದಿತು ಸಿಲಿಂಡರ್.

ಟ್ಯಾಂಕು ನಂಬಲಿಲ್ಲ. ಇರುವುದನ್ನೆಲ್ಲ ಹೀರಿಕೊಂಡು ಆಮೇಲೆ ಗುಜರಿಗೆ ಹಾಕುತ್ತಾರೆಂದು ಹೆದರಿ, ಮರುದಿನ ಬೆಳಗ್ಗೆ ಒಂದು ಹನಿಯನ್ನೂ ಬಿಡದೆ ಬಿಗಿಹಿಡಿದು ಕೂತಿತು. ಕೊಟ್ರಯ್ಯ ಎಷ್ಟು ಸಲ ಕೀಲಿ ತಿರುಗಿಸಿದರೂ ಗಾಡಿ ಮಿಸುಕಲಿಲ್ಲ.

ಮೆಕ್ಯಾನಿಕ್ ಬಂದು, “ಟ್ಯಾಂಕೇ ಕೆಟ್ಟಿದೆ, ಬೇರೆ ಹಾಕೋಣ,” ಎಂದು ಅದನ್ನು ಬಿಚ್ಚಿ ಬೋರಲು ಹಾಕಿದ. ಪೆಟ್ರೋಲು ಗಳಗಳನೆ ಸುರಿಯಿತು.

“ಅಯ್ಯೋ, ಇಷ್ಟೊಂದು ಇತ್ತಲ್ಲೋ!” ಎಂದ ಕೊಟ್ರಯ್ಯ.

“ಇದ್ದೇನು ಬಂತಣ್ಣ, ಬೇಕಾದಾಗ ಕೊಡಲಿಲ್ಲವಲ್ಲ,” ಎನ್ನುತ್ತಾ ಮೆಕ್ಯಾನಿಕ್ ಅದನ್ನು ಗುಜರಿ ರಾಶಿಗೆ ಎಸೆದ.