ಕುರುಡು ಕರಡಿ ಮತ್ತು ಬಾವಿಯ ಹಗ್ಗ

ಒಂದು ಕಾಡಿನ ಅಂಚಿನಲ್ಲಿ ಪೆಟ್ಟು ತಿಂದ ಪ್ರಾಣಿಗಳ ಧಾಮವೊಂದಿತ್ತು. ಅದನ್ನು ನಡೆಸುತ್ತಿದ್ದ ಪಶುವೈದ್ಯೆ ಸಬೀಹಾ, ಎಲ್ಲವನ್ನೂ ಕಳೆದುಕೊಂಡು ಬಂದ ಮನುಷ್ಯರಿಗೂ ಅಲ್ಲಿ ಜಾಗ ಕೊಟ್ಟಿದ್ದಳು. ಅವರು ಪ್ರಾಣಿಗಳನ್ನು ನೋಡಿಕೊಳ್ಳುತ್ತಾ ತಾವೂ ಚೇತರಿಸಿಕೊಳ್ಳುತ್ತಿದ್ದರು.

ಅವರಲ್ಲಿ ದುರುಗವ್ವ ಒಬ್ಬಳು. ಹೊಳೆ ಉಕ್ಕಿ ಬಂದಾಗ ಅವಳ ಗಂಡ, ಮಗಳು ಇಬ್ಬರೂ ಕೊಚ್ಚಿಹೋಗಿದ್ದರು. ಅಂದಿನಿಂದ ಅವಳ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ.

ಅದೇ ಧಾಮದಲ್ಲಿ ಒಂದು ಕುರುಡು ಕರಡಿಯಿತ್ತು. ಹಿಂದೆ ಯಾರೋ ಅದರ ಮೂಗು ಚುಚ್ಚಿ, ಹಗ್ಗ ಪೋಣಿಸಿ, ಬೀದಿಬೀದಿಯಲ್ಲಿ ಕುಣಿಸಿದ್ದರು. ಯಾರು ಹತ್ತಿರ ಬಂದರೂ ಅದು ಮೂಲೆ ಸೇರುತ್ತಿತ್ತು. ದುರುಗವ್ವ ಬೆಲ್ಲ ಹಾಕಿ ತಂದ ರಾಗಿ ಅಂಬಲಿಯನ್ನು ಮಾತ್ರ ಲೊಚಲೊಚನೆ ಕುಡಿಯುತ್ತಿತ್ತು. ಆ ಸದ್ದು ಕೇಳಿ ದುರುಗವ್ವನ ಮುಖದಲ್ಲಿ ಸಣ್ಣ ನಗು ಮೂಡುತ್ತಿತ್ತು.

ಪಕ್ಕದ ಮರದಲ್ಲಿ ಒಂದು ಕೋತಿಯಿತ್ತು. ಅದರ ಮುರಿದ ಕೈ ಎಂದೋ ಕೂಡಿಕೊಂಡಿತ್ತು. ಆದರೂ ಕೈ ಜೋಲುಬಿಟ್ಟುಕೊಂಡು, ನರಳಿ, ಬಾಳೆಹಣ್ಣು ಗಿಟ್ಟಿಸುತ್ತಿತ್ತು. ಈಗ ಅದರ ಕಣ್ಣು ಬೆಲ್ಲದ ಅಂಬಲಿಯ ಮೇಲೆ ಬಿತ್ತು.

"ಕರಡಿಯಕ್ಕಾ, ಆ ಹೆಂಗಸನ್ನು ನಂಬಬೇಡ. ನಿನ್ನ ಮೂಗಿಗೆ ಹಗ್ಗ ಹಾಕ್ತಾಳೆ" ಎಂದಿತು ಕೋತಿ.

"ಸುಮ್ಮನಿರಪ್ಪಾ. ಅವಳು ಅಂಥವಳಲ್ಲ" ಎಂದಿತು ಕರಡಿ.

ಮರುದಿನ ಬೆಳಗ್ಗೆ ಕೋತಿ ಬಾವಿಕಟ್ಟೆಯ ಮೇಲಿದ್ದ ಹಗ್ಗವನ್ನು ಕದ್ದು ತಂದು ಕರಡಿಯ ಗೂಡಿನೊಳಗೆ ಎಸೆಯಿತು. ಅದು ದುರುಗವ್ವ ನೀರು ಸೇದುತ್ತಿದ್ದ ಹಗ್ಗ.

ಕರಡಿಯ ಮೂಗಿಗೆ ಹಗ್ಗ ತಗುಲಿತು. ಅದರಲ್ಲಿ ದುರುಗವ್ವನ ಕೈಯ ವಾಸನೆ! ಕೋತಿ ಹೇಳಿದ್ದು ನಿಜವೆನ್ನಿಸಿ ಕರಡಿ ಮೂಲೆಗೆ ಸರಿಯಿತು. ಅಷ್ಟರಲ್ಲಿ ದುರುಗವ್ವ ಅಂಬಲಿ ಹಿಡಿದು ಒಳಗೆ ಬಂದಳು. ಕರಡಿ ಗುಡುಗುವಂತೆ ಅರಚಿ ಪಂಜ ಬೀಸಿತು.

ದುರುಗವ್ವ ಹಿಂದಕ್ಕೆ ಬಿದ್ದಳು. ತೋಳಿನಿಂದ ರಕ್ತ ಸುರಿಯಿತು. ಜಿಂಕೆಗಳು ಮೇವು ಬಿಟ್ಟು ನಿಂತವು. ನವಿಲು ರೆಕ್ಕೆ ಮಡಚುವುದನ್ನೇ ಮರೆಯಿತು. ಸಬೀಹಾ ಓಡಿ ಬಂದು ಅವಳನ್ನು ಎಬ್ಬಿಸಿದಳು.

ಗಾಯಕ್ಕೆ ಪಟ್ಟಿ ಕಟ್ಟಿದ್ದಾಯಿತು. ಆದರೆ ದುರುಗವ್ವ ಗೋಡೆಯತ್ತ ಮುಖ ಮಾಡಿ ಮಲಗಿಬಿಟ್ಟಳು. ಊಟ ಮುಟ್ಟಲಿಲ್ಲ. ಕರಡಿಯೂ ಬೇರೆಯವರು ತಂದಿಟ್ಟ ಅಂಬಲಿ ಮುಟ್ಟಲಿಲ್ಲ.

ಕೋತಿ ಮೆಲ್ಲಗೆ ಇಳಿದು ಬಂದು ಅಂಬಲಿಯ ಪಾತ್ರೆಗೆ ಕೈ ಹಾಕಿತು. ಕರಡಿ ತಲೆ ಎತ್ತಿ ಮೂಸಿತು. ಆಮೇಲೆ ಹಗ್ಗವನ್ನು ಇನ್ನೊಮ್ಮೆ, ನಿಧಾನವಾಗಿ ಮೂಸಿತು.

"ಈ ಹಗ್ಗದಲ್ಲಿ ನಿನ್ನ ವಾಸನೆಯೂ ಇದೆ. ಇದನ್ನು ಇಲ್ಲಿಗೆ ತಂದವನು ನೀನು!"

"ತಮಾಷೆಗೆ ತಂದೆ ಅಕ್ಕಾ..."

"ತಮಾಷೆಯೇ? ನಾನು ಯಾರನ್ನು ಹೊಡೆದೆ ಗೊತ್ತೇನೋ?"

ಕರಡಿಯ ಪಂಜ ಮೇಲೆದ್ದಿತು. ಆದರೆ ಬೀಸಲಿಲ್ಲ. ಕೋತಿ ಹೆದರಿ ಎರಡೂ ಕೈಯಿಂದ ಕೊಂಬೆ ಹಿಡಿದು ಸರಸರನೆ ಮರ ಏರಿತು.

ಅಲ್ಲೇ ಬರುತ್ತಿದ್ದ ಸಬೀಹಾ ಬೆರಗಾಗಿ ನಿಂತಳು. "ಅಯ್ಯೋ ಕಳ್ಳಾ! ನಿನ್ನ ಕೈ ಸರಿಹೋಗಿದೆಯಲ್ಲೋ! ಇನ್ನು ನಿನ್ನ ಹೊಟ್ಟೆ ನೀನೇ ನೋಡಿಕೋ" ಎಂದಳು. ಅಂದೇ ಕೋತಿಯನ್ನು ಹಿಡಿಸಿ ಕಾಡಿಗೆ ಬಿಡಿಸಿದಳು. ಅಲ್ಲಿ ಕೂತಲ್ಲಿಗೆ ಹಣ್ಣು ತಂದುಕೊಡುವವರು ಯಾರೂ ಇರಲಿಲ್ಲ.

ಕೋತಿಯನ್ನು ಹಿಡಿಯುವ ಗಲಾಟೆಯಲ್ಲಿ ಗೂಡಿನ ಬಾಗಿಲು ತೆರೆದೇ ಉಳಿದಿತ್ತು. ಎಂದೂ ಹೊರಗೆ ಕಾಲಿಡದ ಕರಡಿ ನೆಲ ಮೂಸುತ್ತಾ, ಕಲ್ಲಿಗೆ ಎಡವುತ್ತಾ ಹೊರಟಿತು. ದುರುಗವ್ವನ ಕೋಣೆಯ ಹೊಸ್ತಿಲ ಮೇಲೆ ಮೂತಿಯಿಟ್ಟು ಮಲಗಿತು. ಹಿಂದೆಯೇ ಓಡಿಬಂದವರು ಅಲ್ಲಲ್ಲೇ ಕಲ್ಲಾದರು.

ದುರುಗವ್ವ ತಿರುಗಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಬಂದು ಅದರ ನೆತ್ತಿಯ ಮೇಲೆ ಕೈಯಿಟ್ಟಳು.

"ಹಸಿವಾಗೈತೇನವ್ವ?" ಎಂದಳು.

ನೀತಿ: ಇನ್ನೊಬ್ಬರ ಹಳೆಯ ಭಯವನ್ನು ಕೆಣಕಿ ಲಾಭ ಮಾಡಿಕೊಳ್ಳಲು ಹೋದವನು ತನಗಿದ್ದುದನ್ನೂ ಕಳೆದುಕೊಳ್ಳುತ್ತಾನೆ. ಚಾಡಿಮಾತು ಕೇಳಿ ನಮ್ಮವರ ಮೇಲೆ ಕೈ ಎತ್ತಬಾರದು.